60 ಕಿಲೋದ ನಾಯಿ, ಕಾಸರಗೋಡಿನ ಸೆಖೆ: ಸಾಕುವುದು ಹೇಗೆ?

ಗ್ರೇಟ್ ಡೇನ್ ಮರಿಯ ಫೋಟೊ ವಾಟ್ಸಾಪಿನಲ್ಲಿ ಬಂತು, ಮಕ್ಕಳು ಹಟ ಹಿಡಿದರು, ಮಂಗಳೂರಿನಲ್ಲಿ ಯಾರದೋ ಮನೆಯಲ್ಲಿ ಮರಿ ಕೊಡಲಿಕ್ಕೆ ಉಂಟಂತೆ ಎಂಬ ಸುದ್ದಿಯೂ ಸಿಕ್ಕಿತು. ಸರಿ. ಮುಂಗಡ ಕೊಡುವ ಮೊದಲು ಇದನ್ನೊಮ್ಮೆ ಓದಿ. ಬೇಡ ಎಂದು ಹೇಳುವ ಲೇಖನ ಇದಲ್ಲ. ಆದರೆ ಈ ನಾಯಿಗಳ ವಿಷಯದಲ್ಲಿ ಎಲ್ಲ ಲೆಕ್ಕವೂ ತೂಕದ ಮೇಲೆ ನಿಂತಿದೆ. ಊಟ, ಔಷಧಿ, ನೆಲ, ವಾಹನ, ಎಲ್ಲವೂ. ಮರಿ 8 ಕಿಲೋ ಇರುವಾಗಲೇ ಅದು 60 ಕಿಲೋ ಆಗುವ ದಿನಕ್ಕೆ ತಯಾರಿ ಮಾಡಬೇಕು.

ಮೊದಲು ತಳಿ ನೋಡಿ

ತೋಟ ಕಾಯಲು ನಾಯಿ ಬೇಕು ಅಂತಾದರೆ ದೈತ್ಯ ತಳಿ ಬೇಡವೇ ಬೇಡ. ಊರ ನಾಯಿಯ ಎರಡು ಮರಿ ಸಾಕಿ, ಸಾಕು. ಅವು ರಾತ್ರಿಯಿಡೀ ಎಚ್ಚರ ಇರುತ್ತವೆ, ಈ ಹವೆಗೆ ಒಗ್ಗಿದವು, ಖರ್ಚೂ ಕಡಿಮೆ. ಗ್ರೇಟ್ ಡೇನ್ ಮನೆಯವರ ಜೊತೆ ಮನೆಯೊಳಗೇ ಇರಲು ಬಯಸುವ ಪ್ರಾಣಿ. ಹಟ್ಟಿಯ ಪಕ್ಕ ಸಂಕೋಲೆ ಹಾಕಿ ಕಟ್ಟಿದರೆ ಅದು ಕೊರಗುತ್ತದೆ, ಇಲ್ಲವೇ ಸಿಡುಕು ಕಲಿಯುತ್ತದೆ.

ಸೇಂಟ್ ಬರ್ನಾರ್ಡ್ ಬೇಕು ಅನ್ನುವವರೂ ಇದ್ದಾರೆ. ಆ ತಳಿ ಬೆಳೆದು ಬಂದದ್ದು ಆಲ್ಪ್ಸ್ ಬೆಟ್ಟಗಳಲ್ಲಿ, ಸುಮಾರು 2,470 ಮೀಟರ್ ಎತ್ತರದ ಹಿಮದ ಕಣಿವೆದಾರಿಯಲ್ಲಿ. ಅದನ್ನು ತಂದು ಕುಂಬಳೆಯ ಕಡಲ ತೀರದಲ್ಲಿ ಏಪ್ರಿಲ್ ತಿಂಗಳಲ್ಲಿ ಇಡುವುದೆಂದರೆ ಏನು ಹೇಳುವುದು ಮಾರಾಯ್ರೆ! ದಿನವಿಡೀ ಏಸಿ ಹಾಕುವ ತಾಕತ್ತು ಇಲ್ಲದಿದ್ದರೆ ಆ ಯೋಚನೆ ಬಿಡಿ. ನ್ಯೂಫೌಂಡ್‌ಲ್ಯಾಂಡ್ ಕೂಡ ಹಾಗೆಯೇ. ನಮ್ಮ ಕಡೆಗೆ ಸ್ವಲ್ಪವಾದರೂ ಹೊಂದುವುದು ಗಿಡ್ಡ ಕೂದಲಿನ ಗ್ರೇಟ್ ಡೇನ್.

ಮರಿಯ ತಂದೆತಾಯಿಯನ್ನು ಕಣ್ಣಾರೆ ನೋಡಿ. ಅವು ಎದ್ದು ನಡೆಯುವುದನ್ನು ನೋಡಿ. ಸೊಂಟದ ಕೀಲಿನ ಎಕ್ಸ್‌ರೇ ಮಾಡಿಸಿದ್ದಾರಾ ಎಂದು ಕೇಳಿ. ಹೆಚ್ಚಿನವರು ಮಾಡಿಸಿರುವುದಿಲ್ಲ, ಆದರೂ ಕೇಳಿ. ಇನ್ನೊಂದು ವಿಷಯ ಮನೆಯವರಿಗೆಲ್ಲ ಮೊದಲೇ ಹೇಳಿಬಿಡಿ: ಗ್ರೇಟ್ ಡೇನ್ ಬದುಕುವುದು ಸಾಮಾನ್ಯವಾಗಿ 7ರಿಂದ 10 ವರ್ಷ, ಅಷ್ಟೇ. ಮೂರನೇ ಕ್ಲಾಸಿನ ಮಗುವಿಗೆಂದು ತಂದ ನಾಯಿ, ಆ ಮಗು ಪಿಯುಸಿಗೆ ಹೋಗುವ ಹೊತ್ತಿಗೆ ಮುದಿಯಾಗಿರುತ್ತದೆ.

ಬೇಗ ಬೆಳೆಸಬೇಡಿ

ಎಲ್ಲಕ್ಕಿಂತ ಮುಖ್ಯ ಇದು, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಡೇನ್ ಮರಿ ಹುಟ್ಟುವಾಗ ಅರ್ಧ ಮುಕ್ಕಾಲು ಕಿಲೋ. ವರ್ಷ ತುಂಬುವಾಗ 50 ಕಿಲೋ ದಾಟಿರುತ್ತದೆ. ಇಷ್ಟು ವೇಗದಲ್ಲಿ ಬೆಳೆಯುವ ಮೂಳೆಗೆ ಅದೇ ವೇಗದಲ್ಲಿ ಭಾರ ಹೊರುವ ಶಕ್ತಿ ಬರುವುದಿಲ್ಲ. ಮೂಳೆಯ ತುದಿಯಲ್ಲಿ ಬೆಳವಣಿಗೆ ನಡೆಯುವ ಮೆದು ಭಾಗ ಪೂರ್ತಿ ಗಟ್ಟಿಯಾಗಲು ಈ ತಳಿಗಳಲ್ಲಿ ಸುಮಾರು ಒಂದೂವರೆಯಿಂದ ಎರಡು ವರ್ಷ ಬೇಕು. ಅದಕ್ಕೆ ಮೊದಲೇ ಮರಿಯನ್ನು ತಿನ್ನಿಸಿ ತಿನ್ನಿಸಿ ದಪ್ಪ ಮಾಡಿದರೆ ಸೊಂಟ, ಮೊಣಕೈ, ಮುಂಗಾಲಿನ ಕೀಲು ಕೆಡುತ್ತದೆ. ಆಮೇಲೆ ಜೀವಮಾನವಿಡೀ ಕುಂಟು.

ಆದರೆ ನೋಡಲು ಬರುವ ನೆಂಟರಿಗೆ ದಪ್ಪ ಮರಿಯೇ ಚಂದ. "ಎಂತ ಇದು, ಪಕ್ಕೆಲುಬು ಕಾಣ್ತದಲ್ಲ, ಊಟ ಹಾಕುದಿಲ್ವಾ?" ಎಂದು ಕೇಳುತ್ತಾರೆ. ಕೇಳಲಿ. ಕೈಯಾಡಿಸಿದರೆ ಪಕ್ಕೆಲುಬು ಸಿಗಬೇಕು, ಮೇಲಿನಿಂದ ನೋಡಿದರೆ ಸೊಂಟ ಒಳಗೆ ಹೋಗಿರಬೇಕು. ಬೆಳೆಯುವ ಮರಿ ಇರಬೇಕಾದದ್ದೇ ಹಾಗೆ. ಊಟ ಕಡಿಮೆಯಾಯಿತೆಂದು ಅದು ಗಿಡ್ಡ ಆಗುವುದಿಲ್ಲ. ಎತ್ತರ ವಂಶದಿಂದ ಬರುತ್ತದೆ, ನಿಧಾನ ಬೆಳೆದರೂ ಕೊನೆಗೆ ಅಷ್ಟೇ ಎತ್ತರ ಆಗುತ್ತದೆ.

ಇನ್ನು ಕ್ಯಾಲ್ಸಿಯಂ. ದನ ಸಾಕುವ ಮನೆಯಲ್ಲೆಲ್ಲ ಕ್ಯಾಲ್ಸಿಯಂ ಟಾನಿಕ್ಕಿನ ದೊಡ್ಡ ಕ್ಯಾನ್ ಒಂದು ಇದ್ದೇ ಇರುತ್ತದೆ. ದೊಡ್ಡ ನಾಯಿ, ದೊಡ್ಡ ಮೂಳೆ, ಸ್ವಲ್ಪ ಹಾಕುವ ಎಂದು ಕೈ ಹೋಗುತ್ತದೆ. ಹಾಕಬೇಡಿ. ಬೆಳೆದ ನಾಯಿಗೆ ಜಾಸ್ತಿಯಾದ ಕ್ಯಾಲ್ಸಿಯಂ ಅನ್ನು ತಡೆಯುವ ವ್ಯವಸ್ಥೆ ಉಂಟು, ಎಳೆ ಮರಿಯ ಕರುಳಿಗೆ ಅದು ಇರುವುದಿಲ್ಲ. ಕೊಟ್ಟದ್ದನ್ನು ಹೀರುತ್ತಲೇ ಹೋಗುತ್ತದೆ, ಮೂಳೆ ವಕ್ರವಾಗುತ್ತದೆ. ದೊಡ್ಡ ತಳಿಯ ಮರಿಗಳಿಗೆಂದೇ ಮಾಡಿದ ಆಹಾರದಲ್ಲಿ ಕ್ಯಾಲ್ಸಿಯಂ ಅಳತೆಯಲ್ಲಿ ಇರುತ್ತದೆ. ಚೀಲದ ಹಿಂದೆ ಓದಿ, ಒಣ ಲೆಕ್ಕದಲ್ಲಿ (ನೀರಿನಂಶ ಬಿಟ್ಟು) ಶೇ 1ರಿಂದ 1.5ರ ಆಸುಪಾಸು ಇದ್ದರೆ ಒಳ್ಳೆಯದು, 1.8 ದಾಟಲೇಬಾರದು. ಅದನ್ನು ಕೊಡುವಾಗ ಮೇಲಿಂದ ಬೇರೆ ಟಾನಿಕ್ ಯಾವುದೂ ಬೇಡ.

ಮನೆ ಊಟವೇ ಹಾಕುವುದು ಎಂದಾದರೆ ಕುಚ್ಚಲಕ್ಕಿ ಗಂಜಿಗೆ ಬೂತಾಯಿ ಮೀನಿನ ತಲೆ ಹಾಕಿದರೆ ಮುಗಿಯಿತು ಅಂದುಕೊಳ್ಳಬೇಡಿ. ಹಾಲು ಅನ್ನವಂತೂ ಸಾಲುವುದೇ ಇಲ್ಲ. ಊರ ನಾಯಿ ಅದರಲ್ಲಿ ಹೇಗೋ ಸುಧಾರಿಸುತ್ತದೆ, ಈ ಮರಿಗೆ ಆಗುವುದಿಲ್ಲ. ಕನಿಷ್ಠ ಮೊದಲ ಒಂದೂವರೆ ವರ್ಷ ಚೀಲದ ಆಹಾರ ಕೊಡಿ, ಆಮೇಲೆ ಡಾಕ್ಟರ ಹತ್ತಿರ ಕೇಳಿ ಮನೆ ಊಟ ಬೆರೆಸಿ. ಬೆಳೆದ 60 ಕಿಲೋದ ನಾಯಿಗೆ ದಿನಕ್ಕೆ 650ರಿಂದ 800 ಗ್ರಾಂ ಒಣ ಆಹಾರ ಬೇಕಾಗುತ್ತದೆ. ತಿಂಗಳಿಗೆ 20ರಿಂದ 25 ಕಿಲೋ. ಅಂಗಡಿಯಲ್ಲಿ ರೇಟು ಕೇಳಿ ನೀವೇ ಗುಣಿಸಿ ನೋಡಿ.

ನೆಲ, ಮೆಟ್ಟಿಲು, ಹಾಸಿಗೆ

ಟೈಲ್ಸ್ ನೆಲ, ಹೊಳಪು ಬಂದ ಕೆಂಪು ಕಾವಿ ನೆಲ, ಎರಡೂ ಜಾರುತ್ತವೆ. ಜಾರಿ ಕಾಲು ಅಗಲವಾದಾಗಲೆಲ್ಲ ಕೀಲಿಗೆ ಪೆಟ್ಟು. ಮರಿ ಓಡಾಡುವ ದಾರಿಯಲ್ಲಿ ಗೋಣಿ ಚೀಲವೋ ರಬ್ಬರ್ ಮ್ಯಾಟೋ ಹಾಸಿ. ಹಳೆ ಮನೆಗಳ ಜಗಲಿ ಎತ್ತರ ಇರುತ್ತದಲ್ವಾ, ಅಲ್ಲಿಂದ ಅಂಗಳಕ್ಕೆ ಹಾರುವ ಅಭ್ಯಾಸ ಮಾಡಲು ಬಿಡಬೇಡಿ. ಒಂದು ಹಲಗೆಯನ್ನು ಇಳಿಜಾರಾಗಿ ಇಟ್ಟು, ಜಾರದ ಹಾಗೆ ಗೋಣಿ ಹೊಡೆದರೆ ಆಯಿತು. ತೋಟದ ಮಣ್ಣಿನಲ್ಲಿ ಅದರಷ್ಟಕ್ಕೆ ಆಡಲಿ, ಸುಸ್ತಾದಾಗ ಮಲಗಲಿ. ಬೈಕಿನ ಹಿಂದೆ ಓಡಿಸುವುದು, ಗುಡ್ಡ ಹತ್ತಿಸುವುದು ಎಲ್ಲ ಒಂದೂವರೆ ವರ್ಷ ಕಳೆದ ಮೇಲೆ.

ಹಾಸಿಗೆ ಬೇಕೇ ಬೇಕು, ಶೋಕಿಗಲ್ಲ. ಇಷ್ಟು ಭಾರದ ನಾಯಿ ಬರೀ ಸಿಮೆಂಟಿನ ಮೇಲೆ ಮಲಗಿದರೆ ಮೊಣಕೈ ದಡ್ಡುಗಟ್ಟುತ್ತದೆ, ಕೆಲವೊಮ್ಮೆ ನೀರು ತುಂಬಿ ಬಾತುಕೊಳ್ಳುತ್ತದೆ. ತೆಂಗಿನ ನಾರು ತುಂಬಿದ ದಪ್ಪ ಹಾಸಿಗೆ ಸಾಕು. ಮಳೆಗಾಲದಲ್ಲಿ ಒಣಗಿಸಲು ಆಗುವಂತೆ ಎರಡು ಮಾಡಿಸಿಡಿ.

ಹಗ್ಗ ಹಿಡಿದು ನಡೆಯುವುದನ್ನು, ಕೂರು ಅಂದರೆ ಕೂರುವುದನ್ನು, ಮೈಮೇಲೆ ಹಾರಬಾರದು ಎಂಬುದನ್ನು ನಾಲ್ಕು ತಿಂಗಳೊಳಗೆ ಕಲಿಸಿ. ಆರು ತಿಂಗಳಾಗುವಾಗ ಗಂಡು ಡೇನ್ 45 ಕಿಲೋದ ಹತ್ತಿರ ಬಂದಿರುತ್ತದೆ. ಆಮೇಲೆ ಎಳೆದಾಟದಲ್ಲಿ ಗೆಲ್ಲುವುದು ನೀವಲ್ಲ.

ಸೆಖೆ ಮತ್ತು ಮಳೆ

ನಾಯಿ ಮೈ ತಂಪು ಮಾಡಿಕೊಳ್ಳುವುದು ನಾಲಿಗೆ ಚಾಚಿ ಏದುಸಿರು ಬಿಟ್ಟು. ಬಾಯಿಯ ತೇವ ಆರಿದರೆ ಮಾತ್ರ ತಂಪು. ನಮ್ಮ ಕರಾವಳಿಯ ಗಾಳಿಯಲ್ಲೇ ಅಷ್ಟು ನೀರಿದ್ದ ಮೇಲೆ ಅದು ಆರುವುದೆಲ್ಲಿಂದ? ಹಾಗಾಗಿ ಥರ್ಮಾಮೀಟರಿನಲ್ಲಿ 33 ಡಿಗ್ರಿ ಮಾತ್ರ ಕಂಡರೂ ದೊಡ್ಡ ಮೈಯ ನಾಯಿಗೆ ಕಷ್ಟವಾಗುತ್ತದೆ. ಮಾರ್ಚಿನಿಂದ ಮೇ ವರೆಗೆ ವಾಕಿಂಗ್ ಬೆಳಿಗ್ಗೆ ಬಿಸಿಲು ಬರುವ ಮೊದಲು, ಇಲ್ಲವೇ ರಾತ್ರಿ ಊಟಕ್ಕೆ ಮುಂಚೆ. ಮಧ್ಯಾಹ್ನ ಶೀಟಿನ ಮಾಡಿನ ಕೆಳಗೆ ಬೇಡ, ಒಳಗೆ ಫ್ಯಾನಿನ ಕೆಳಗೆ. ಗುಡ್ಡಕ್ಕೆ ಅಡ್ಡ ಕೊರೆದ ಸುರಂಗದ ನೀರು ಇರುವ ಮನೆಯವರು ಪುಣ್ಯವಂತರು, ತಂಪು ನೀರು ಯಾವಾಗಲೂ ಸಿಗುತ್ತದೆ.

ನಾಯಿಯ ಮಾಮೂಲು ಉಷ್ಣತೆ 38ರಿಂದ 39 ಡಿಗ್ರಿ ಚಿಲ್ಲರೆ. ಅದು 41ರ ಹತ್ತಿರ ಹೋದರೆ, ನಾಯಿ ತೂರಾಡಿದರೆ, ಒಸಡು ಕಡುಕೆಂಪಾದರೆ, ಪೈಪು ಹಿಡಿದು ಮೈಯೆಲ್ಲ ನೀರು ಹಾಕಿ, ಫ್ಯಾನ್ ಬಿಡಿ, ಹಾಗೆಯೇ ಒದ್ದೆ ಮೈಯಲ್ಲೇ ಗಾಡಿಗೆ ಹತ್ತಿಸಿ. ಒದ್ದೆ ಟವೆಲ್ ಹೊದಿಸಿ ಬಿಡಬೇಡಿ, ಅದು ಬೇಗ ಬಿಸಿಯಾಗಿ ಒಳಗಿನ ಶಾಖ ಹೊರಗೆ ಹೋಗದಂತೆ ಮಾಡುತ್ತದೆ.

ಜೂನ್ ಬಂದರೆ ಬೇರೆ ಕಥೆ. ಇಲಿ ಜ್ವರ (ಲೆಪ್ಟೊ) ನಾಯಿಗೂ ಬರುತ್ತದೆ, ತೋಟದ ಕಣಿಯಲ್ಲಿ ನಿಂತ ನೀರು ಕುಡಿದರೂ ಸಾಕು. ಲೆಪ್ಟೊ ಸೇರಿದ ಲಸಿಕೆಯನ್ನು ಪ್ರತಿ ವರ್ಷ ಮಳೆಗೆ ಮೊದಲೇ ಹಾಕಿಸಿ. ಬೆರಳ ಸಂದು, ಕಿವಿ, ತುಟಿಯ ಮಡಿಕೆ ದಿನಾ ಒರೆಸಿ.

ಉಣುಗು ಮಾತ್ರ ವರ್ಷವಿಡೀ. ಅದರಿಂದ ಬರುವ ಬೇಬೀಸಿಯಾ, ಎರ್ಲಿಕಿಯಾ ಜ್ವರಗಳು ನಮ್ಮ ಕಡೆ ಮಾಮೂಲು. ಊಟ ಬಿಟ್ಟು, ಒಸಡು ಬಿಳಚಿಕೊಂಡು, ಮೂತ್ರ ಕಾಫಿ ಬಣ್ಣಕ್ಕೆ ತಿರುಗಿದರೆ ಅದೇ ದಿನ ರಕ್ತ ಪರೀಕ್ಷೆ ಮಾಡಿಸಿ. ಉಣುಗಿನ ಮಾತ್ರೆ, ಹುಳದ ಮಾತ್ರೆ ಎಲ್ಲ ತೂಕದ ಲೆಕ್ಕ. ಒಂದು ದೊಡ್ಡ ಮಾತ್ರೆಯೇ ಈ ನಾಯಿಗಳಿಗೆ ಸಾಲದಿರಬಹುದು, ಅಂದಾಜಿನಲ್ಲಿ ಕೊಟ್ಟರೆ ಅರ್ಧ ಮದ್ದು ಹೋದಂತೆ. ತೂಕ ನೋಡುವುದೆಲ್ಲಿ ಎಂದರೆ, ಅಡಿಕೆ ಅಂಗಡಿಯ ಮೂಟೆ ತೂಗುವ ತಕ್ಕಡಿ ಇದೆಯಲ್ಲ, ಜನ ಕಡಿಮೆ ಇರುವ ಹೊತ್ತಿಗೆ ಹೋಗಿ ಕೇಳಿ.

ಹೊಟ್ಟೆ ತಿರುಚಿದರೆ

ದೈತ್ಯ ತಳಿ ಸಾಕುವವರು ರಾತ್ರಿ ನಿದ್ದೆಯಲ್ಲೂ ನೆನಪಿಡಬೇಕಾದದ್ದು ಇದು. ಎದೆ ಆಳವಾಗಿರುವ ನಾಯಿಗಳಲ್ಲಿ ಹೊಟ್ಟೆಯ ಚೀಲ ಗಾಳಿ ತುಂಬಿ ಉಬ್ಬಿ, ಹಾಗೇ ಒಂದು ಸುತ್ತು ತಿರುಗಿಬಿಡುತ್ತದೆ. ಎರಡೂ ಬಾಯಿ ಮುಚ್ಚಿ ಹೋಗುತ್ತದೆ, ರಕ್ತದ ಓಡಾಟ ನಿಲ್ಲುತ್ತದೆ, ಕೆಲವೇ ಗಂಟೆಗಳಲ್ಲಿ ಸಾವು. ಗ್ರೇಟ್ ಡೇನ್‌ಗಳಲ್ಲಿ ಇದರ ಅಪಾಯ ಉಳಿದೆಲ್ಲ ತಳಿಗಳಿಗಿಂತ ಜಾಸ್ತಿ.

ಗುರುತು ಹೀಗೆ: ವಾಂತಿಗೆ ಓಕರಿಸುತ್ತದೆ, ಆದರೆ ನೊರೆ ಬಿಟ್ಟರೆ ಏನೂ ಬರುವುದಿಲ್ಲ. ಜೊಲ್ಲು ಸುರಿಯುತ್ತದೆ. ಕೂತಲ್ಲಿ ಕೂರುವುದಿಲ್ಲ, ಹೊಟ್ಟೆಯ ಕಡೆ ತಿರುಗಿ ತಿರುಗಿ ನೋಡುತ್ತದೆ. ಹೊಟ್ಟೆ ಬಿಗಿಯುತ್ತದೆ, ಆದರೆ ಪಕ್ಕೆಲುಬಿನ ಒಳಗೇ ಉಬ್ಬಿದ್ದರೆ ಹೊರಗೆ ಕಾಣದೆಯೂ ಇರಬಹುದು. ಓಮದ ನೀರು, ಗ್ಯಾಸಿನ ಮಾತ್ರೆ, ಬೆಳಿಗ್ಗೆ ನೋಡುವ ಎಂಬ ಮಾತು, ಇವು ಮೂರೂ ಬೇಡ. ಇದಕ್ಕೆ ಆಪರೇಷನ್ ಒಂದೇ ದಾರಿ.

ಆಪರೇಷನ್ ಎಲ್ಲಿ? ಪಂಚಾಯತಿಗೊಂದು ಮೃಗಾಸ್ಪತ್ರೆ ನಮ್ಮಲ್ಲಿ ಉಂಟು, ಲಸಿಕೆಗೆ, ಸಣ್ಣಪುಟ್ಟ ಕಾಯಿಲೆಗೆ ಅಲ್ಲಿಯ ಡಾಕ್ಟರೇ ಸಾಕು. 1962ಕ್ಕೆ ಫೋನ್ ಮಾಡಿದರೆ ಸಂಚಾರಿ ಪಶು ಚಿಕಿತ್ಸಾ ಗಾಡಿಯ ಸೇವೆಯೂ ಇದೆ. ಆದರೆ ರಾತ್ರಿ ಒಂದು ಗಂಟೆಗೆ 60 ಕಿಲೋದ ನಾಯಿಗೆ ಎಕ್ಸ್‌ರೇ ತೆಗೆದು ಹೊಟ್ಟೆ ಕೊಯ್ಯಲು ಎಲ್ಲ ಕಡೆ ಆಗುವುದಿಲ್ಲ. ಗಡಿನಾಡಿನ ಹೆಚ್ಚಿನವರಿಗೆ ಅದೆಂದರೆ ಮಂಗಳೂರೇ. ಮುಳ್ಳೇರಿಯ, ಬಂದಡ್ಕದ ಕಡೆಯವರಿಗೆ ಹತ್ತಿರ ಹತ್ತಿರ ಎರಡು ಗಂಟೆಯ ದಾರಿ. ಹಾಗಾಗಿ ರಾತ್ರಿ ತೆರೆದಿರುವ ಆಸ್ಪತ್ರೆ ಯಾವುದು, ಈ ಆಪರೇಷನ್ ಅಲ್ಲಿ ಮಾಡುತ್ತಾರಾ ಎಂದು ಈಗಲೇ ವಿಚಾರಿಸಿ, ನಂಬರನ್ನು ಫ್ರಿಜ್ ಮೇಲೆ ಅಂಟಿಸಿ. ಹೊರಡುವ ಮೊದಲು ಫೋನ್ ಮಾಡಿ ಹೇಳಿ.

ಗಾಡಿಯ ಮಾತೂ ಈಗಲೇ. ಆಟೋದಲ್ಲಿ ಈ ನಾಯಿ ಹಿಡಿಸುವುದಿಲ್ಲ. ಓಮ್ನಿಯೋ ಜೀಪೋ ಪಿಕಪ್ಪೋ ಇರುವ ನೆರೆಯವರ ಹತ್ತಿರ ಮೊದಲೇ ಮಾತಾಡಿಡಿ. ಬಿದ್ದ ನಾಯಿಯನ್ನು ಎತ್ತಲು ದಪ್ಪ ಜಮಖಾನ ಬೇಕು, ನಾಲ್ಕು ಮೂಲೆಗೆ ನಾಲ್ಕು ಜನ. ಅದು ಆರಾಮವಾಗಿರುವಾಗಲೇ ಒಂದೆರಡು ಸಲ ಜಮಖಾನದಲ್ಲಿ ಎತ್ತಿ ಅಭ್ಯಾಸ ಮಾಡಿಸಿದರೆ ಒಳ್ಳೆಯದು, ನೋಡುವವರು ನಗಬಹುದು, ಅಷ್ಟೇ.

ತಡೆಯಲು ಏನು ಮಾಡಬಹುದು? ಒಂದೇ ಸಲ ಹೊಟ್ಟೆ ತುಂಬಾ ಹಾಕದೆ ಎರಡೋ ಮೂರೋ ಹೊತ್ತಿಗೆ ಹಂಚಿ. ಊಟದ ಮುಂಚೆ ಹಿಂದೆ ಒಂದು ಗಂಟೆ ಓಟ ಆಟ ಬೇಡ. ಬಟ್ಟಲನ್ನು ಸ್ಟೂಲಿನ ಮೇಲೆ ಇಡಿ ಎಂದು ತುಂಬಾ ಜನ ಹೇಳುತ್ತಾರೆ, ಆದರೆ ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದವರು 2000ದಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಎತ್ತರದ ಬಟ್ಟಲಲ್ಲಿ ತಿನ್ನುವ ದೊಡ್ಡ ನಾಯಿಗಳಿಗೇ ಈ ಕಾಯಿಲೆ ಜಾಸ್ತಿ ಕಂಡಿತ್ತು. ನೆಲದಲ್ಲೇ ಇಡಿ. ಎಲ್ಲಕ್ಕಿಂತ ಗಟ್ಟಿ ದಾರಿ ಗ್ಯಾಸ್ಟ್ರೊಪೆಕ್ಸಿ, ಅಂದರೆ ಹೊಟ್ಟೆಯ ಚೀಲ ತಿರುಗದಂತೆ ಅದನ್ನು ಪಕ್ಕದ ಗೋಡೆಗೆ ಮೊದಲೇ ಹೊಲಿದುಬಿಡುವುದು. ಸಂತಾನಹರಣದ ಜೊತೆಗೇ ಮಾಡಿಸಬಹುದು. ಆ ಆಪರೇಷನ್ನನ್ನು ಬೆಳವಣಿಗೆ ಮುಗಿದ ಮೇಲೆ ಇಟ್ಟುಕೊಳ್ಳುವ ಬಗ್ಗೆ ಡಾಕ್ಟರ ಹತ್ತಿರ ಮಾತಾಡಿ.

ತೋಟದ ಅಪಾಯಗಳು

ಔಷಧಿ ಬಿಡುವ ದಿನ ಮೈಲುತುತ್ತಿನ ಡ್ರಮ್ಮು, ಬಕೆಟು ಮುಚ್ಚಿಡಿ. ಬಸವನ ಹುಳಕ್ಕೆ ಹಾಕುವ ವಿಷದ ಕಾಳು ನಾಯಿಗೆ ರುಚಿ, ತಿಂದರೆ ಸೆಳೆತ ಬಂದು ಸಾಯಬಹುದು. ಇಲಿ ಪಾಷಾಣವೂ ಅಷ್ಟೇ. ಅಂಗಳದಲ್ಲಿ ಹರಡಿದ ಹಣ್ಣಡಿಕೆ ಜಗಿಯುವ ಚಟ ಕೆಲವು ಮರಿಗಳಿಗೆ ಇರುತ್ತದೆ. ಅಡಿಕೆಯ ಅರೆಕೊಲಿನ್ ಅನ್ನು ಹಿಂದೆ ನಾಯಿಗಳ ಲಾಡಿಹುಳ ಬೀಳಿಸಲು ಮದ್ದಾಗಿ ಕೊಡುತ್ತಿದ್ದರು. ಕರುಳನ್ನು ಅಷ್ಟು ಜೋರಾಗಿ ಹಿಂಡುವ ವಸ್ತು ಅದು, ಜೊಲ್ಲು, ವಾಂತಿ, ಭೇದಿ ಖಂಡಿತ. ಮಾವಿನ ಗೊರಟನ್ನು ದೊಡ್ಡ ನಾಯಿ ಇಡಿಯಾಗಿ ನುಂಗುತ್ತದೆ, ಅದು ಕರುಳಲ್ಲಿ ಸಿಕ್ಕಿಕೊಳ್ಳುತ್ತದೆ.

ಲೈಸನ್ಸ್ ಮತ್ತು ಜನ

ನಾವು ಕೇರಳದ ಒಳಗಿರುವವರು, ಇಲ್ಲಿ ನಾಯಿ ಸಾಕಲು ಪಂಚಾಯತಿನ ಅಥವಾ ನಗರಸಭೆಯ ಲೈಸನ್ಸ್ ಬೇಕು. ಹುಚ್ಚುನಾಯಿ ರೋಗದ ಲಸಿಕೆ ಹಾಕಿಸಿದ ಸರ್ಟಿಫಿಕೇಟ್ ಇಲ್ಲದೆ ಅದು ಸಿಗುವುದಿಲ್ಲ. 2024ರ ಮಾರ್ಚಿನಲ್ಲಿ ಕೇಂದ್ರ ಸರಕಾರ ಕೆಲವು ತಳಿಗಳನ್ನು ನಿಷೇಧಿಸಲು ಹೊರಡಿಸಿದ ಸುತ್ತೋಲೆಯಲ್ಲಿ ಇನ್ನೊಂದು ಭಾರೀ ಗಾತ್ರದ ತಳಿಯಾದ ಮಾಸ್ಟಿಫ್‌ಗಳ ಹೆಸರಿತ್ತು, ಗ್ರೇಟ್ ಡೇನ್ ಇರಲಿಲ್ಲ. ಕರ್ನಾಟಕ ಹೈಕೋರ್ಟ್ ಏಪ್ರಿಲಿನಲ್ಲೇ ಅದನ್ನು ರದ್ದು ಮಾಡಿತು. ಆದರೂ ಮಾಸ್ಟಿಫ್ ತರುವ ಯೋಚನೆ ಇದ್ದರೆ ಮೊದಲು ಪಂಚಾಯತಿನಲ್ಲಿ ಈಗಿನ ನಿಯಮ ಕೇಳಿಕೊಳ್ಳಿ.

ಡೇನ್ ಎಷ್ಟೇ ಪಾಪದ್ದಾದರೂ ಗೇಟಿನಲ್ಲಿ ನಿಂತ ಗ್ಯಾಸ್ ಸಿಲಿಂಡರಿನವನಿಗೆ ಅದು ಗೊತ್ತಿರುವುದಿಲ್ಲ. ಪ್ರೀತಿಯಿಂದ ಹಾರಿದರೂ ಅಜ್ಜಿಯೊಬ್ಬರ ಸೊಂಟ ಮುರಿಯಲು ಸಾಕು. ಅಡಿಕೆ ಕೊಯ್ಯುವವರು ಬರುವ ದಿನ ಬೆಳಿಗ್ಗೆಯೇ ನಾಯಿಯನ್ನು ಒಳಗೆ ಹಾಕಿ, ಅವರು ಕೆಲಸ ಮುಗಿಸಿ ಕೈ ತೊಳೆದು ಚಾ ಕುಡಿಯಲು ಕೂತ ಮೇಲೆ, ಅವರು ಒಪ್ಪಿದರೆ ಮಾತ್ರ, ಹಗ್ಗ ಹಿಡಿದು ಹೊರಗೆ ತಂದು ಪರಿಚಯ ಮಾಡಿಸಿ.