ಶಾರ್ಪಿ ತಗೊಳ್ಳದೆ ಡಿಜೆ ಲೈಟಿಂಗ್ ಶುರು ಮಾಡಿದ ನನ್ನ ಅನುಭವ

"ಶಾರ್ಪಿ ಇಲ್ದೆ ಎಂಥಾ ಡಿಜೆನೋ ನೀನು?" ಅಂತ ನನ್ನನ್ನ ಕೇಳದವರಿಲ್ಲ. ಶಾರ್ಪಿ ಅಂದರೆ ತಲೆ ತಿರುಗಿಸುತ್ತಾ ಕೋಲಿನಂಥ ಚೂಪು ಬೆಳಕು (ಬೀಮ್) ಬಿಡೋ ಲೈಟು. ಮೊದಲು ಕೇಳಿದವನು ನನ್ನ ಗೆಳೆಯನೇ. ನಾಲ್ಕು ಶಾರ್ಪಿ, ಲೈಟ್ ತೂಗುಹಾಕೋ ಒಂದಷ್ಟು ಟ್ರಸ್, ಒಂದು ಟಾಟಾ ಏಸ್ ಇಟ್ಟುಕೊಂಡು ತಿಪಟೂರು, ಅರಸೀಕೆರೆ ಕಡೆಯ ಆರತಕ್ಷತೆಗಳನ್ನೆಲ್ಲ ಅವನೇ ಹೊಡೆಯುತ್ತಿದ್ದ. ನಾನು ಹಳೇ ಓಮ್ನಿಯಲ್ಲಿ ಎಂಟು ಪಾರ್ (ಬಣ್ಣದ ಬೆಳಕು ಚೆಲ್ಲೋ ಡಬ್ಬಿ ಲೈಟು) ತುಂಬಿಕೊಂಡು ಹೋಗುವಾಗ ಹುಡುಗರ ಮುಂದೆ "ಬಂತು ನೋಡ್ರೋ ಸೀರಿಯಲ್ ಸೆಟ್ಟು" ಅಂತ ನಗುತ್ತಿದ್ದ. ಈಗ ಮೂರು ಸೀಸನ್ ದಾಟಿದ್ದೀನಿ, ಸಾಲ ತೀರಿದೆ. ಇನ್ನು ಬರೆದರೆ ತಪ್ಪಿಲ್ಲ.

ಶುರುವಿನಲ್ಲಿ ಸೌಂಡಿಗೇ ಎಲ್ಲ ದುಡ್ಡು ಹೋಯ್ತು. ಚಿಕ್ಕಪ್ಪನ ಹತ್ತಿರ ತಂದ ಸಾಲದಲ್ಲಿ ಟಾಪು, ಬೇಸು ಸ್ಪೀಕರು, ಆಂಪ್ಲಿಫೈಯರ್ ಎಲ್ಲ ಆಗಿ ಲೈಟಿಗೆ ಉಳಿದದ್ದು ಸುಮಾರು 25 ಸಾವಿರ. ಬೆಂಗಳೂರಿನ ಎಸ್.ಪಿ. ರೋಡಿಗೆ ಹೋಗಿ ಬೆಳಗ್ಗೆಯಿಂದ ಸಂಜೆವರೆಗೂ ಅಲೆದು, ಎಲ್ಲಿ ಕಮ್ಮಿಗೆ ಸಿಗುತ್ತೋ ಅಲ್ಲೇ ಕೊಂಡೆ. 54 ಎಲ್ಇಡಿಯ ಪಾರ್ ಎಂಟು, ತಲಾ 1,100 ಇರಬೇಕು. ಒಂದು ಹಸಿರು-ಕೆಂಪು ಲೇಸರ್, 1500 ವಾಟಿನ ಸ್ಮೋಕ್ ಮೆಷಿನ್, ಲೈಟುಗಳನ್ನೆಲ್ಲ ಒಂದೇ ಕಡೆಯಿಂದ ಆಡಿಸೋ 192 ಚಾನೆಲ್‌ನ ಕಂಟ್ರೋಲರ್, ಎರಡು ಟಿ-ಸ್ಟ್ಯಾಂಡ್. ವಾಪಸ್ ಬರುವಾಗ ರೈಲಿನಲ್ಲಿ ಡಬ್ಬ ತೊಡೆ ಮೇಲಿಟ್ಟುಕೊಂಡು ಕೂತಿದ್ದೆ, ಗೆದ್ದೆ ಅಂದುಕೊಂಡು. ಆ ಪಟ್ಟಿಯಲ್ಲಿ ಇವತ್ತು ನನ್ನ ಹತ್ತಿರ ಉಳಿದಿರೋದು ಕಂಟ್ರೋಲರ್ ಮತ್ತು ಸ್ಟ್ಯಾಂಡು ಮಾತ್ರ.

ಮೊದಲ ಪೆಟ್ಟು ಸೀರೆಯಿಂದ. ಒಂದು ಆರತಕ್ಷತೆಯಲ್ಲಿ ಸ್ಟೇಜಿಗೆ ಪೂರ್ತಿ ಕೆಂಪು ಕೊಟ್ಟಿದ್ದೆ. ಹುಡುಗಿ ಉಟ್ಟಿದ್ದು ಗಿಳಿಹಸಿರು ರೇಷ್ಮೆ. ಕೆಂಪು ಬೆಳಕಿನಲ್ಲಿ ಹಸಿರು ಕಪ್ಪಾಗಿ ಕಾಣುತ್ತೆ ಅನ್ನೋದು ನಮಗೆಲ್ಲ ಗೊತ್ತಿರೋದೇ, ಆದರೆ ಸ್ಟೇಜ್ ಮುಂದೆ ನಿಂತಾಗ ಜ್ಞಾಪಕ ಇರಬೇಕಲ್ಲ. ಹುಡುಗಿಯ ತಾಯಿ ನೇರ ನನ್ನ ಟೇಬಲ್ ಹತ್ತಿರ ಬಂದು, "ಏನಪ್ಪಾ, ಹದಿನೆಂಟ್ ಸಾವ್ರದ ಸೀರೆನ ಕರೀ ಕಂಬಳಿ ಮಾಡ್ಬಿಟ್ಯಲ್ಲ" ಅಂದರು. ಗಾಬರಿಯಲ್ಲಿ ಕೆಂಪು, ಹಸಿರು, ನೀಲಿ ಮೂರನ್ನೂ ಮೇಲೆತ್ತಿ ಬಿಳಿ ಮಾಡಿದೆ. ಆ ಬಿಳಿಯಲ್ಲಿ ಎಲ್ಲರ ಮುಖವೂ ನಾಲ್ಕು ದಿನ ಜ್ವರ ಬಂದು ಎದ್ದವರ ಹಾಗೆ. ಆಮೇಲೆ ಬರೀ ಆರ್‌ಜಿಬಿ ಪಾರ್‌ನ ಮುಖಕ್ಕೆ ಹಾಕೋದನ್ನೇ ಬಿಟ್ಟೆ. ಮುಖಕ್ಕೆ ವಾರ್ಮ್ ವೈಟ್ (ತುಸು ಹಳದಿ ಬಿಳಿ) ಬೇರೆಯೇ ಬೇಕು.

ಎರಡನೇದು ವಿಡಿಯೊದವರಿಂದ. ಮದುವೆ ಮುಗಿದು ಹತ್ತು ದಿನಕ್ಕೆ ಫೋನ್ ಬಂತು: "ಗುರು, ನಿನ್ ಲೈಟ್ ಬಿದ್ದ ಕಡೆಯೆಲ್ಲ ಕರೀ ಪಟ್ಟೆ ಓಡ್ತಾ ಇದೆ, ಪಾರ್ಟಿಯವ್ರು ನನ್ ಕುತ್ತಿಗೆಗೆ ಬಂದವ್ರೆ." ಅಗ್ಗದ ಪಾರ್‌ಗಳು ಡಿಮ್ ಮಾಡೋದು ಎಲ್ಇಡಿಯನ್ನ ಪಟಪಟ ಆರಿಸಿ ಹತ್ತಿಸಿ. ಆ ವೇಗ ಸಾಲದಿದ್ದರೆ ಕಣ್ಣಿಗೆ ಕಾಣದ್ದು ಕ್ಯಾಮೆರಾಗೆ ಕಾಣುತ್ತೆ. ಈಗ ಅಂಗಡಿಯಲ್ಲಿ ನಾನು ಮಾಡೋ ಮೊದಲ ಕೆಲಸ ಇಷ್ಟೇ: ಪಾರ್ ಹಚ್ಚಿಸಿ, ಅರ್ಧಕ್ಕಿಂತ ಕೆಳಗೆ ಡಿಮ್ ಮಾಡಿಸಿ, ಮೊಬೈಲ್‌ನ ಸ್ಲೋ ಮೋಷನ್‌ನಲ್ಲಿ ಹಿಡಿದು ನೋಡೋದು. ಫುಲ್ ಬ್ರೈಟ್‌ನಲ್ಲಿ ಎಂಥ ಕಚಡಾ ಪಾರ್ ಕೂಡ ಚೆನ್ನಾಗೇ ಕಾಣುತ್ತೆ, ಅದನ್ನ ನಂಬಬೇಡಿ. ಅಂಗಡಿಯವರು ಮುಖ ಸಿಂಡರಿಸುತ್ತಾರೆ, ಸಿಂಡರಿಸಲಿ. ಎಂಟೂ ಪಾರ್‌ನ ಒಬ್ಬ ಆರ್ಕೆಸ್ಟ್ರಾದವರಿಗೆ ತಲಾ 500ಕ್ಕೆ ಕೊಟ್ಟೆ.

ಲೇಸರ್ ಕಥೆ ಬೇಗ ಮುಗಿಸ್ತೀನಿ, ಹೇಳೋಕೇ ಸಂಕಟ. ಗೋಡೆ ಕಡೆ ತಿರುಗಿಸಿಟ್ಟಿದ್ದನ್ನ ಯಾವುದೋ ಮಗು ಒದ್ದು, ಅದು ನೇರ ವಿಡಿಯೊ ಕ್ಯಾಮೆರಾದ ಲೆನ್ಸಿಗೆ ಹೊಡೀತು. ಸೆನ್ಸರ್ ಮೇಲೆ ಕೂದಲೆಳೆಯಷ್ಟು ಗೆರೆ, ಹೋಗಲೇ ಇಲ್ಲ. ರಿಪೇರಿಯಲ್ಲಿ ನನ್ನ ಪಾಲು 9 ಸಾವಿರ. ಅವತ್ತಿನ ಬಾಡಿಗೆಯೇ 8 ಸಾವಿರ.

ಇಷ್ಟಾದ ಮೇಲೆ ನನಗೂ ಶಾರ್ಪಿ ಹುಚ್ಚು ಹಿಡಿಯಿತು, ಸುಳ್ಳು ಯಾಕೆ ಹೇಳಲಿ. ನಾವೆಲ್ಲ ಶಾರ್ಪಿ ಅನ್ನೋದು ಚೀನಾದ 230 ವಾಟಿನ ಕಾಪಿಗೆ. ಅಸಲಿ ಶಾರ್ಪಿ ಇಟಲಿಯ ಕ್ಲೇ ಪಾಕಿಯವರದು, ಅದರ ಬಲ್ಬು 189 ವಾಟ್. ಅದರ ರೇಟ್ ಕೇಳೋಕೂ ನಮಗೆ ಯೋಗ್ಯತೆ ಬೇಕು. ಸೆಕೆಂಡ್ ಹ್ಯಾಂಡ್ ಕಾಪಿ ಜೋಡಿ 26 ಸಾವಿರಕ್ಕೆ ಸಿಕ್ಕಿತು, ಕೈಸಾಲ ಮಾಡಿ ತಂದೆ. ಮೂರನೇ ಫಂಕ್ಷನ್ನು ಬಯಲಿನಲ್ಲಿ ಶಾಮಿಯಾನದ ಕೆಳಗೆ. ಹುಡುಗ-ಹುಡುಗಿ ಎಂಟ್ರಿ, ಹಾಡು ಏರ್ತಾ ಇದೆ, ಎರಡೂ ಬೀಮ್ ಎತ್ತಿ ಕತ್ತರಿ ಹಾಕಿದೆ, ಫಟ್ ಅಂತ ಕರೆಂಟ್ ಹೋಯ್ತು. ಜನರೇಟರ್ ಒಂದು ನಿಮಿಷದೊಳಗೆ ಹತ್ತಿತು. ಸೌಂಡ್ ಬಂತು, ಶಾಮಿಯಾನದವರ ಟ್ಯೂಬ್‌ಲೈಟ್ ಬಂತು, ಶಾರ್ಪಿ ಬರಲಿಲ್ಲ. ಅದು ಡಿಸ್ಚಾರ್ಜ್ ಬಲ್ಬು. ಬಿಸಿಯಲ್ಲಿ ಆರಿದರೆ ತಣ್ಣಗಾಗೋವರೆಗೂ ಮತ್ತೆ ಹತ್ತಲ್ಲ. ತಲೆ ಮಾತ್ರ ಗರಗರ ತಿರುಗುತ್ತೆ, ಬೆಳಕಿಲ್ಲ, ತಲೆ ಕೆಟ್ಟ ಕೋಳಿ ಹಾಗೆ. ಎಂಟ್ಹತ್ತು ನಿಮಿಷ! ಅಷ್ಟರಲ್ಲಿ ಜೋಡಿ ಸ್ಟೇಜ್ ಹತ್ತಿ, ಕೂತು, ಮೊದಲ ಲೈನಿನವರು ಮುಯ್ಯಿ ಕೊಟ್ಟೂ ಆಗಿತ್ತು. ಹೀಗೆ ಬಿಸಿಯಲ್ಲಿ ಫ್ಯಾನ್ ಸಮೇತ ನಿಂತರೆ ಬಲ್ಬಿನ ಆಯಸ್ಸೂ ಕಮ್ಮಿ. ನನ್ನದೊಂದು ಎರಡು ತಿಂಗಳಲ್ಲಿ ಹೋಯ್ತು. ಜೋಡೀನ 17 ಸಾವಿರಕ್ಕೆ ಮಾರಿ ಕೈ ತೊಳೆದುಕೊಂಡೆ. ನಮ್ಮ ಕಡೆ ಕರೆಂಟಿನ ಮೇಲೆ ನಂಬಿಕೆ ಇಟ್ಟು ಶಾರ್ಪಿ ತಗೊಳ್ಳೋನು ಸ್ಟ್ಯಾಂಡ್‌ಬೈ ಪ್ಲಾನ್ ಇಟ್ಟುಕೊಂಡು ತಗೊಬೇಕು.

ಆ ಆಷಾಢದಲ್ಲಿ ಕೆಲಸ ಇಲ್ಲದೆ ಕೂತಾಗ ಒಂದು ಹಳೇ ಆಲ್ಬಮ್ ತಿರುವಿ ಹಾಕುತ್ತಿದ್ದೆ. ಒಂದು ಫೋಟೊದಲ್ಲೂ ಬೀಮ್ ಇಲ್ಲ. ಇರೋದು ಮುಖ, ಸೀರೆ, ಹಿಂದಿನ ಡೆಕೊರೇಷನ್ನು. ಜನ ನನ್ನ ಲೈಟ್ ನೋಡೋದು ಹತ್ತು ನಿಮಿಷ, ಆಲ್ಬಮ್ ನೋಡೋದು ಇಪ್ಪತ್ತು ವರ್ಷ. ಹಾಗಾದರೆ ದುಡ್ಡನ್ನ ಗೋಡೆ, ಕಂಬ, ಪರದೆಯ ಮೇಲೆ ಹಾಕೋಣ ಅಂತ ತೀರ್ಮಾನ ಮಾಡಿದೆ. ಗೆಳೆಯನಿಗೆ ಹೇಳಿದರೆ, "ಗೋಡೆಗೆ ಲೈಟ್ ಬಿಟ್ಟು ದುಡ್ಡು ಕೇಳ್ತೀಯಾ? ಹುಚ್ಚಾ" ಅಂದ.

ಈ ಸಲ ಪಾರ್ ಹತ್ತು ತಗೊಂಡೆ, ಆರ್‌ಜಿಬಿಡಬ್ಲ್ಯೂ (ಮೂರು ಬಣ್ಣದ ಜೊತೆ ಬಿಳಿ ಎಲ್ಇಡಿಯೂ ಇರೋದು), ತಲಾ 2,300ರ ಆಸುಪಾಸು. ಮುಖಕ್ಕೆ ವಾರ್ಮ್ ವೈಟ್ ಸಿಒಬಿ (ಒಂದೇ ದೊಡ್ಡ ಎಲ್ಇಡಿಯ ಲೈಟು) ಎರಡು, ಜೋಡಿ 7 ಸಾವಿರ ಚಿಲ್ಲರೆ. ಯಾವ ಅಂಗಡಿ ಅಂತ ಕೇಳಬೇಡಿ, ಹೇಳಲ್ಲ. ಆರು ಪಾರ್ ನೆಲದ ಮೇಲೆ, ಕಂಬದಿಂದ ಒಂದು ಅಡಿ ದೂರ, ಮೇಲ್ಮುಖ. ಎರಡು ಸ್ಟೇಜ್ ಪರದೆಗೆ. ಇನ್ನೆರಡು ಎಲ್ಲಿ ಅನ್ನೋದು ನನ್ನ ಗುಟ್ಟು. ಫೋಟೊದವರು ನನಗೆ ಕೆಲಸ ಕೊಡಿಸೋದೇ ಆ ಎರಡರಿಂದ, ಅದನ್ನ ಬರೆದು ಹೊಟ್ಟೆ ಮೇಲೆ ಹೊಡೆದುಕೊಳ್ಳಲ್ಲ. ಸಿಒಬಿ ಎರಡೂ ಸ್ಟೇಜಿನ ಎಡ-ಬಲ ಮೂಲೆಯಿಂದ, ತಲೆಗಿಂತ ಎರಡು ಅಡಿ ಮೇಲೆ. ನೇರ ಎದುರಿಗೆ ಇಟ್ಟರೆ ಕೂತವರು ಕಣ್ಣು ಕಿರಿದು ಮಾಡುತ್ತಾರೆ, ಫೋಟೊದಲ್ಲಿ ಎಲ್ಲರೂ ಸಿಟ್ಟಾದ ಹಾಗೆ ಬರುತ್ತೆ.

ಕಂಟ್ರೋಲರ್ ಜೊತೆ ಒಂದು ರಾತ್ರಿ ಪೂರ್ತಿ ಒದ್ದಾಡಿದ್ದೆ. ಒಂದೊಂದು ಪಾರೂ ಎಂಟು ಚಾನೆಲ್‌ನದು, ಅದಕ್ಕೆ 1, 9, 17 ಅಂತ ಅಡ್ರೆಸ್ (ಅದರ ಮೊದಲ ಚಾನೆಲ್ ನಂಬರ್) ಕೊಟ್ಟುಕೊಂಡು ಹೋದೆ. ಎರಡನೇ ಬಟನ್ ಒತ್ತಿದರೆ ಮೂರನೇ ಪಾರ್ ಹತ್ತುತ್ತೆ! ಈ ಡಬ್ಬ ಒಂದೊಂದು ಬಟನ್ನಿಗೂ 16 ಚಾನೆಲ್ ಲೆಕ್ಕ ಹಾಕುತ್ತೆ, 12 ಬಟನ್, ಅದಕ್ಕೇ 192. ಅಡ್ರೆಸ್ 1, 17, 33, 49 ಅಂತ ಹೋಗಬೇಕು. ಎದುರು ಬದುರು ಕಂಬಗಳ ಪಾರ್‌ಗೆ ಒಂದೇ ಅಡ್ರೆಸ್ ಕೊಟ್ಟರೆ ಕೈಕೆಲಸ ಅರ್ಧ ಉಳಿಯುತ್ತೆ.

ಇದೆಲ್ಲ ಸರಿಹೋದರೂ ಉದ್ದದ ಹಾಲ್‌ನಲ್ಲಿ ಕೊನೆಯ ಎರಡು ಪಾರ್ ದೆವ್ವ ಬಂದ ಹಾಗೆ ಮಿಣಮಿಣ ಅನ್ನುತ್ತಿದ್ದವು. ಮೈಕ್ ಕೇಬಲ್ ಹಾಕಿದ್ದೆ, ಪಿನ್ನು ಒಂದೇ ಅಲ್ವಾ ಅಂತ. ಕಂಟ್ರೋಲರ್ ಹೇಳಿದ್ದನ್ನ ಲೈಟಿಗೆ ಒಯ್ಯೋ ಡಿಎಂಎಕ್ಸ್ ಕೇಬಲ್‌ಗೆ ದುಡ್ಡು ಹಾಕೋಕೆ ಮನಸ್ಸಿಲ್ಲದೆ ಮೊದಲು ಬೇರೆ ದಾರಿ ನೋಡಿದೆ: ಒಂದು ಗಂಡು ಎಕ್ಸ್ಎಲ್ಆರ್ ಪಿನ್ (ಮೈಕ್ ಕೇಬಲ್ ತುದಿಯ ಮೂರು ಕಾಲಿನದು) ಬಿಚ್ಚಿ, 2 ಮತ್ತು 3ನೇ ಕಾಲಿನ ಮಧ್ಯೆ 120 ಓಮ್‌ನ ಒಂದು ರೆಸಿಸ್ಟರ್ ಬೆಸುಗೆ ಹಾಕಿ, ಕೊನೆಯ ಪಾರ್‌ನ ಔಟ್‌ಗೆ ಚುಚ್ಚಿದೆ. ಕಂದು, ಕೆಂಪು, ಕಂದು ಪಟ್ಟಿಯ ಅಕ್ಕಿಕಾಳಿನಷ್ಟು ವಸ್ತು, ಬೆಲೆ ಒಂದು ರೂಪಾಯಿ. ದೆವ್ವ ಅಲ್ಲಿಗೇ ಇಳಿಯಿತು. ಆದರೂ ದೊಡ್ಡ ಹಾಲ್‌ಗಳಿಗೆ ಆಮೇಲೆ ಸರಿಯಾದ ಕೇಬಲ್ಲೇ ಮಾಡಿಸಿದೆ, 60 ಮೀಟರ್‌ಗೆ 4 ಸಾವಿರದ ಹತ್ತಿರ ಆಯ್ತು.

ಕರೆಂಟ್ ಲೆಕ್ಕದಲ್ಲೂ ಈ ದಾರಿ ಲಾಭ. ಹತ್ತು ಪಾರ್, ಎರಡು ಸಿಒಬಿ ಸೇರಿ ಎರಡು ಕಿಲೋವಾಟ್ ದಾಟಲ್ಲ, ಕರೆಂಟ್ ಹೋಗಿ ಬಂದರೆ ಕಣ್ಣು ಮಿಟುಕಿಸೋದರೊಳಗೆ ಹತ್ತುತ್ತೆ. ಸ್ಮೋಕ್ ಮೆಷಿನ್ ಒಂದೇ ಆರೂವರೆ ಆಂಪಿಯರ್ ಎಳೆಯುತ್ತೆ. ಅದನ್ನ ಸಣ್ಣ ಪ್ಲಗ್ಗಿಗೆ ಹಾಕಿ ಛತ್ರದ ಸ್ಟೇಜ್ ಲೈನನ್ನೇ ಟ್ರಿಪ್ ಮಾಡಿಸಿ ಮ್ಯಾನೇಜರ್ ಹತ್ತಿರ ಉಗಿಸಿಕೊಂಡಿದ್ದೀನಿ.

ಹೊಗೆ ವಿಷಯ ಬಂತಲ್ಲ, ಅದರ ಲಿಕ್ವಿಡ್‌ನ ಮನೆಯಲ್ಲೇ ಮಾಡೋಣ ಅಂತ ಗ್ಲಿಸರಿನ್‌ಗೆ ಡಿಸ್ಟಿಲ್ಡ್ ವಾಟರ್ ಬೆರೆಸಿ ನೋಡಿದೆ. ಮೊದಲ ದಿನ ಭರ್ಜರಿ. ಎರಡನೇ ದಿನ ಒಗ್ಗರಣೆ ಸೀದ ವಾಸನೆ, ಮೂರನೇ ದಿನ ಹೀಟರ್ ಕಟ್ಟಿಕೊಂಡಿತು. ಉಳಿಸಿದ್ದು 300, ರಿಪೇರಿಗೆ 1,400. ಆಮೇಲೆ ಮೆಷಿನ್ನನ್ನೇ ಮಾರಿದೆ, ಅಜ್ಜಿಯರ ಕೆಮ್ಮಿನ ಶಾಪವೂ ತಪ್ಪಿತು. ತಮಾಷೆ ಅಂದರೆ ಒಂದು ಛತ್ರದಲ್ಲಿ ಬೆಳಗ್ಗೆ ಹೋಮ ಆದ ಹಾಲ್‌ನಲ್ಲೇ ಸಂಜೆ ಲೈಟ್ ಟೆಸ್ಟ್ ಮಾಡುವಾಗ, ಕಿಟಕಿ ಮುಚ್ಚಿತ್ತಲ್ಲ, ಉಳಿದಿದ್ದ ಹೋಮದ ಹೊಗೆಯಲ್ಲಿ ಬೆಳಕಿನ ಗೆರೆ ಎಷ್ಟು ಚೆನ್ನಾಗಿ ಕಂಡಿತು ಅಂದರೆ, ಯಾವ ಮೆಷಿನ್ನಿನಲ್ಲೂ ಹಾಗೆ ಬಂದಿಲ್ಲ. ಅದಕ್ಕೆ ಬಿಲ್ ಹಾಕೋದು ಹೇಗೆ ಗೊತ್ತಾಗಲಿಲ್ಲ.

ಇನ್ನೊಂದು ಪ್ರಯೋಗ ಮಾತ್ರ ಕೈ ಹಿಡಿಯಿತು. 12 ಇಂಚಿನ ಕನ್ನಡಿ ಚೆಂಡು, ಮೋಟಾರ್ ಸಮೇತ 1,300ಕ್ಕೆ ತಂದೆ. ಎಲ್ಲರೂ "ಯಾವ ಕಾಲದ್ದೋ ಇದು" ಅಂದರು. ಬೇರೆಲ್ಲ ಆರಿಸಿ, ಚೆಂಡಿಗೆ ಒಂದೇ ಒಂದು ಕಿರಿ ಬೆಳಕು ಬಿಟ್ಟರೆ ಹಾಲ್ ತುಂಬ ಚುಕ್ಕಿ ಓಡುತ್ತೆ, ಮಕ್ಕಳು ಅದನ್ನ ಹಿಡಿಯೋಕೆ ಓಡುತ್ತವೆ. ಮಕ್ಕಳ ಹಿಂದೆ ಅಮ್ಮಂದಿರು, ಅವರ ಹಿಂದೆ ಕ್ಯಾಮೆರಾ. ಅಷ್ಟು ದುಡ್ಡಿಗೆ ಅಷ್ಟು ಕೆಲಸ ಮಾಡೋ ಇನ್ನೊಂದು ಸಾಮಾನು ನಾನು ನೋಡಿಲ್ಲ.

ಸ್ಟ್ಯಾಂಡಿನ ಬಗ್ಗೆ ಒಂದು ಮಾತು. ವೈಶಾಖದ ಸಂಜೆ ಬಯಲಲ್ಲಿ ಗಾಳಿ ಎದ್ದರೆ ಶಾಮಿಯಾನವೇ ಹಾರುತ್ತೆ, ಟಿ-ಸ್ಟ್ಯಾಂಡ್ ಯಾವ ಲೆಕ್ಕ? ನನ್ನದು ಒಮ್ಮೆ ಐಸ್‌ಕ್ರೀಮ್ ಟೇಬಲ್ ಮೇಲೆ ಬಿತ್ತು. ಪುಣ್ಯಕ್ಕೆ ಯಾರೂ ಇರಲಿಲ್ಲ. ಅಲ್ಲಿಂದ ಪ್ರತಿ ಕಾಲಿಗೂ ಅರ್ಧ ಚೀಲ ಮರಳು, ಪ್ರತಿ ಲೈಟಿಗೂ ಉಕ್ಕಿನ ಸೇಫ್ಟಿ ವೈರು. ಇದನ್ನ ಮಾಡದವರ ಜೊತೆ ನಾನು ಸ್ಟೇಜ್ ಹಂಚಿಕೊಳ್ಳಲ್ಲ.

ಒಟ್ಟು ಈಗಿನ ಸೆಟ್‌ಗೆ ಬಿದ್ದಿದ್ದು 42 ಸಾವಿರದ ಆಸುಪಾಸು, ಕಲಿಯೋಕೆ ಕಳೆದುಕೊಂಡಿದ್ದು ಹೆಚ್ಚುಕಮ್ಮಿ ಅಷ್ಟೇ. ಲೈಟಿಗೆ ಮಾತ್ರ ಬೇರೆಯಾಗಿ 6ರಿಂದ 7 ಸಾವಿರ ಕೇಳ್ತೀನಿ, ಎರಡನೇ ಸೀಸನ್ನಿನಲ್ಲೇ ಅಸಲು ಬಂತು. ರಾತ್ರಿ ಹತ್ತಕ್ಕೆ ಸೌಂಡ್ ನಿಲ್ಲಿಸಲೇಬೇಕು, ಪೊಲೀಸರು ಬಂದು ನಿಲ್ಲಿಸ್ತಾರೆ. ಲೈಟ್ ಆರಿಸು ಅಂತ ಯಾರೂ ಬರಲ್ಲ. ಊಟ ಮುಗಿಸಿದ ಮನೆಯವರೆಲ್ಲ ಹನ್ನೊಂದರವರೆಗೂ ಕಂಬದ ಹತ್ತಿರ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ಶಾರ್ಪಿ ಬೇಕೇ ಬೇಕು ಅನ್ನೋ ಪಾರ್ಟಿಗೆ ಜೋಡಿ ಬಾಡಿಗೆಗೆ ತಂದು, ಬಿಲ್ಲಿಗೆ ಸೇರಿಸ್ತೀನಿ. ಬಲ್ಬು ಹೋದರೆ ಮಾಲೀಕನ ತಲೆನೋವು.

ಹೋದ ವೈಶಾಖದಲ್ಲಿ ಗೆಳೆಯನ ಫೋನು. ಅವನ ಪಾರ್ಟಿಯವರು ಯಾವುದೋ ಆಲ್ಬಮ್ ತೋರಿಸಿ "ಹಿಂಗೇ ಕಂಬಕ್ಕೆ ಬೆಳಕು ಬೇಕು" ಅಂದಿದ್ದಾರೆ. "ಮಗಾ, ಆರು ಪಾರ್ ಕೊಡೋ, ವೈರ್ ಸಮೇತ" ಅಂದ. ಪಾರ್ ಒಂದಕ್ಕೆ 250 ಅಂದೆ, ಒಪ್ಪಿದ. ವೈರ್‌ಗೆ ಬೇರೆ ಅಂದೆ.