ಡೊಳ್ಳನ ಜೊತೆ ಮೂರು ಬೇಸಿಗೆ

ನಾಯಿ ತಂದ ಮೊದಲ ಒಂದೂವರೆ ವರ್ಷ ನಾನು ಕುರಿಗಳನ್ನು ಕಾಯ್ದದ್ದು ತೋಳದಿಂದಲ್ಲ, ಆ ನಾಯಿಯಿಂದಲೇ. “ಕುರಿ ಕಾಯಲು ತೋಳವನ್ನೇ ಇಟ್ಟಂತಾಯಿತಲ್ಲೋ ತಮ್ಮಾ” ಎಂದು ಪಕ್ಕದ ಹಟ್ಟಿಯ ಕಾಕಾ ನಕ್ಕಾಗ ನಾನು ತಲೆ ತಗ್ಗಿಸಿ ಮರಿಯ ಹರಿದ ಕಿವಿಗೆ ಅರಿಸಿನ ಹಚ್ಚುತ್ತಿದ್ದೆ.

ನಮ್ಮ ಊರು ಮುಂಡರಗಿ ತಾಲ್ಲೂಕಿನಲ್ಲಿ, ಕಪ್ಪತಗುಡ್ಡದ ಸೆರಗಿನಲ್ಲಿದೆ. ಮೇಲೆ ಗಾಳಿಯಂತ್ರಗಳು, ಕೆಳಗೆ ಹುಲ್ಲುಗಾವಲು ಮತ್ತು ಕುರುಚಲು. 2019ರಲ್ಲಿ ಗುಡ್ಡ ವನ್ಯಜೀವಿಧಾಮವಾಯಿತು. ತೋಳ, ಕತ್ತೆಕಿರುಬಗಳು ಅಲ್ಲಿ ಅದಕ್ಕೂ ಮೊದಲಿನಿಂದಲೇ ಇದ್ದವು. ಹುಬ್ಬಳ್ಳಿಯ ಬಿಡಿಭಾಗಗಳ ಅಂಗಡಿಯಲ್ಲಿ ಹನ್ನೆರಡು ವರ್ಷ ದುಡಿದು, 2020ರಲ್ಲಿ ಊರಿಗೆ ಮರಳಿ ನಲವತ್ತೈದು ಡೆಕ್ಕನಿ ಕುರಿ ಕಟ್ಟಿದೆ. ಮರುವರ್ಷದ ಮಳೆಗಾಲದ ಎರಡೇ ರಾತ್ರಿಗಳಲ್ಲಿ ಐದು ಮರಿಗಳು ಹೋದವು. ತೋಳ ಹಳ್ಳಕ್ಕೆ ಬಿದ್ದರೆ ಆಳಿಗೊಂದು ಕಲ್ಲು ಎಂಬ ಗಾದೆ ನಮ್ಮದೇ. ಆದರೆ ಅದೇ ತೋಳ ಈಗ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪರಿಶಿಷ್ಟದಲ್ಲಿದೆ. ಉರುಲು, ವಿಷದ ಮಾತು ಎತ್ತಿದವರೂ ಇದ್ದರು. ಜೈಲಿನ ಭಯಕ್ಕಿಂತ ಹೆಚ್ಚಾಗಿ, ಆ ವಿಷವನ್ನು ಊರಿನ ನಾಯಿಗಳು ಮತ್ತು ನವಿಲುಗಳು ತಿನ್ನುತ್ತವೆ ಎಂಬುದು ನನಗೆ ಗೊತ್ತಿತ್ತು.

“ಮುಧೋಳ ನಾಯಿ ಕಟ್ಟು” ಎಂದವರೇ ಹೆಚ್ಚು. ಮುಧೋಳದ್ದು ಕಣ್ಣಿನಿಂದ ಬೇಟೆ ಹಿಡಿಯುವ ಜಾತಿ. ಮೊಲ ಎದ್ದರೆ ಅದರ ಹಿಂದೆ ಗೆರೆ ಎಳೆದಂತೆ ಓಡುತ್ತದೆ, ಹಿಂದೆ ಉಳಿದ ಕುರಿಗಳ ಗತಿ ಅದಕ್ಕೆ ಬೇಕಿಲ್ಲ. ನನಗೆ ಬೇಕಾಗಿದ್ದದ್ದು ಓಡುವ ನಾಯಿಯಲ್ಲ, ಕದಲದೆ ನಿಲ್ಲುವ ನಾಯಿ. ಸೈನ್ಯದಲ್ಲಿರುವ ನಮ್ಮ ಚಿಕ್ಕಪ್ಪನ ಮಗ ಆಗ ಹಿಮಾಚಲದಲ್ಲಿದ್ದ. ಅಲ್ಲಿನ ಗದ್ದಿ ಕುರಿಗಾಹಿಗಳು ಬೇಸಿಗೆಯಲ್ಲಿ ಎತ್ತರದ ಹುಲ್ಲುಗಾವಲಿಗೂ ಚಳಿಗಾಲದಲ್ಲಿ ಕೆಳಗಿನ ಬೆಟ್ಟಗಳಿಗೂ ಹಿಂಡು ಹೊಡೆದುಕೊಂಡು ಹೋಗುತ್ತಾರೆ. ಚಿರತೆ, ಕರಡಿಗಳಿಗೆ ಎದುರು ನಿಲ್ಲುವ ಅವರ ನಾಯಿಗಳ ಕೊರಳಿಗೆ ಕಬ್ಬಿಣದ ಮುಳ್ಳುಪಟ್ಟಿ ಇರುತ್ತದೆ. ಅಂಥದ್ದೊಂದು ಹತ್ತು ವಾರದ ಗಂಡು ಮರಿಯನ್ನು 2022ರ ಜನವರಿಯಲ್ಲಿ ಅವನು ರೈಲಿನಲ್ಲಿ ಹುಬ್ಬಳ್ಳಿಗೆ ತಂದ. ಕಪ್ಪು ಮೈ, ಎದೆಯ ಮೇಲೆ ಬಿಳಿ ಪಟ್ಟೆ, ಹೊಟ್ಟೆ ಮಾತ್ರ ಬಿಗಿದ ಡೊಳ್ಳು. ಅವ್ವ ನೋಡಿದ ಕೂಡಲೇ ‘ಡೊಳ್ಳ’ ಎಂದು ಹೆಸರಿಟ್ಟಳು. ಉಂಡು ಬೆಳೆದ ಹೊಟ್ಟೆ ಎಂದು ನಾವು ಹಿಗ್ಗಿದ್ದೇ ಬಂತು. ಪಶುವೈದ್ಯರು ಒತ್ತಿ ನೋಡಿ, ಅದೆಲ್ಲ ಹುಳು ಎಂದರು. ಎರಡು ಸಲ ಔಷಧ ಕೊಟ್ಟ ಮೇಲೆ ಡೊಳ್ಳು ಇಳಿಯಿತು, ಹೆಸರು ಉಳಿಯಿತು.

ಹುಳುವಿನ ವಿಷಯವನ್ನು ಇಷ್ಟಕ್ಕೇ ಬಿಡಲಾರೆ. ನಮ್ಮ ಕಡೆ ಕೆಲವು ಕುರಿಗಳು ಒಮ್ಮೆಲೇ ತಲೆ ಓರೆ ಮಾಡಿ, ಒಂದೇ ಕಡೆಗೆ ಸುತ್ತು ಹೊಡೆಯುತ್ತಾ ಹಿಂಡಿನಿಂದ ಬೇರೆಯಾಗುತ್ತವೆ. ಅಂಥ ಕುರಿಯನ್ನು ಕೊಯ್ದು ನೋಡಿದರೆ ಮಿದುಳಿನಲ್ಲಿ ನೀರುಗುಳ್ಳೆ ಇರುತ್ತದೆ. ನಾವೇನು ಮಾಡುತ್ತಿದ್ದೆವು? ಮಾಂಸ ನಮಗೆ, ತಲೆ ನಾಯಿಗೆ. ಆ ಗುಳ್ಳೆ ಲಾಡಿಹುಳುವಿನ ಮರಿಯವಸ್ಥೆ. ನಾಯಿಯ ಹೊಟ್ಟೆಯಲ್ಲಿ ಅದು ಲಾಡಿಹುಳುವಾಗುತ್ತದೆ, ಮೊಟ್ಟೆಗಳು ಮಲದೊಂದಿಗೆ ಹುಲ್ಲಿಗೆ ಬೀಳುತ್ತವೆ, ಹುಲ್ಲು ಮೇಯ್ದ ಕುರಿಯ ತಲೆ ಮತ್ತೆ ತಿರುಗುತ್ತದೆ. ಹಿಂಡು ಕಾಯಲು ತಂದ ನಾಯಿಯ ಮೂಲಕವೇ ಹಿಂಡನ್ನು ಕೊಲ್ಲುವ ಏರ್ಪಾಡು ಇದು. ಇದೇ ಜಾತಿಯ ಇನ್ನೊಂದು ಹುಳು ಹಸಿ ಪಿತ್ತಜನಕಾಂಗ, ಶ್ವಾಸಕೋಶಗಳಿಂದ ನಾಯಿಗೆ ಬಂದು, ಅದರ ಮೊಟ್ಟೆ ಮನುಷ್ಯರ ಹೊಟ್ಟೆ ಸೇರಿದರೆ ಅವರ ಪಿತ್ತಜನಕಾಂಗದಲ್ಲೂ ಗುಳ್ಳೆ ಕಟ್ಟುತ್ತದೆ. ಈಗ ತಲೆ, ಒಳಾಂಗಗಳನ್ನು ಆಳವಾಗಿ ಹೂಳುತ್ತೇನೆ. ಡೊಳ್ಳನಿಗೆ ಮೂರು ತಿಂಗಳಿಗೊಮ್ಮೆ ತೂಕ ನೋಡಿ ಪ್ರಾಜಿಕ್ವಾಂಟೆಲ್ ಇರುವ ಮಾತ್ರೆ ಕೊಡುತ್ತೇನೆ. ಉಳ್ಳಾಗಡ್ಡಿ ಚೀಲ ತೂಗುವ ತಕ್ಕಡಿಯ ಮೇಲೆ ನಿಲ್ಲಿಸಿದರೆ ಈಗ 42 ಕಿಲೊ.

ಉಳ್ಳಾಗಡ್ಡಿ ಎಂದೆ, ಅದನ್ನೂ ಹೇಳಿಬಿಡುತ್ತೇನೆ. ಗದಗದ ಕಡೆ ಉಳ್ಳಾಗಡ್ಡಿ ಇಲ್ಲದ ಅಡುಗೆಯೇ ಇಲ್ಲ, ಆದರೆ ಅದು ನಾಯಿಯ ರಕ್ತಕಣಗಳನ್ನು ಒಡೆಯುತ್ತದೆ. ಅವನ ಪಾಲಿನ ಸಾರನ್ನು ಒಗ್ಗರಣೆಗೆ ಮೊದಲೇ ತೆಗೆದಿಡಬೇಕೆಂದು ಅವ್ವನನ್ನು ಒಪ್ಪಿಸಲು ನನಗೆ ಒಂದು ತಿಂಗಳು ಹಿಡಿಯಿತು. ಅವನ ಊಟ ಜೋಳದ ನುಚ್ಚು, ಮೊಟ್ಟೆ, ಬೇಯಿಸಿದ ಕೋಳಿ ಮಾಂಸ, ಸ್ವಲ್ಪ ಮಜ್ಜಿಗೆ. ಬೇಗ ದೊಡ್ಡವನಾಗಲಿ ಎಂದು ನಾನು ತಂದ ಕ್ಯಾಲ್ಸಿಯಂ ಬಾಟಲಿಯನ್ನು ವೈದ್ಯರು ಮೇಜಿನ ಮೇಲೆಯೇ ಇರಿಸಿಕೊಂಡರು. ದೊಡ್ಡ ಜಾತಿಯ ಮರಿಗೆ ಅದು ಹೆಚ್ಚಾದರೆ ಎಲುಬು, ಕೀಲುಗಳ ಬೆಳವಣಿಗೆಯೇ ಕೆಡುತ್ತದಂತೆ.

ಮೊದಲ ದಿನದಿಂದಲೇ ಅವನು ಮಲಗಿದ್ದು ಕುರಿದೊಡ್ಡಿಯಲ್ಲಿ. ಬಲೆಯಿಂದ ಮೂಲೆಯೊಂದನ್ನು ಬೇರೆ ಮಾಡಿ, ಅವನ ಜೊತೆಗೆ ಎರಡು ಶಾಂತ ಮುದಿ ಕುರಿಗಳನ್ನು ಬಿಟ್ಟಿದ್ದೆ. ಮಕ್ಕಳು ಎತ್ತಿಕೊಂಡು ಮುದ್ದಾಡುವುದನ್ನು ಹತ್ತು ನಿಮಿಷಕ್ಕೆ ನಿಲ್ಲಿಸುತ್ತಿದ್ದೆ. ಕಠಿಣ ಎನಿಸಬಹುದು. ಆದರೆ ಈ ನಾಯಿಗಳು ಮೊದಲ ನಾಲ್ಕು ತಿಂಗಳು ಯಾರ ವಾಸನೆಯಲ್ಲಿ ಮಲಗುತ್ತವೆಯೋ ಅವರನ್ನೇ ತಮ್ಮವರೆಂದು ತಿಳಿಯುತ್ತವೆ. ಮನೆಯ ಕಟ್ಟೆಯ ಮೇಲೆ ಬೆಳೆದಿದ್ದರೆ ಅವನು ಕಟ್ಟೆಯನ್ನು ಕಾಯುತ್ತಿದ್ದ. ಯಾವ ಜಾತಿಯ ಮರಿ ಎಂದು ಕೇಳುವ ಎಲ್ಲರಿಗೂ ನಾನು ಮೊದಲು ಎಲ್ಲಿ ಮಲಗಿಸುತ್ತೀರಿ ಎಂದೇ ಕೇಳುತ್ತೇನೆ.

ಎಂಟನೆಯ ತಿಂಗಳಿಗೆ ಪೀಡೆ ಶುರುವಾಯಿತು. ಮೈ ದೊಡ್ಡದು, ಬುದ್ಧಿ ಮರಿಯದು. ಕುರಿಮರಿಗಳನ್ನು ಬೆನ್ನಟ್ಟುವುದು, ಕಿವಿ ಜಗ್ಗುವುದು, ಉಣ್ಣೆ ಕೀಳುವುದು. ಒಂದು ಮರಿ ಕಾಲು ಮುರಿದುಕೊಂಡಿತು. ಒಮ್ಮೆ ಕೋಪ ತಡೆಯದೆ ಹೊಡೆದೆ. ಎರಡು ದಿನ ಅವನು ನನ್ನ ಹತ್ತಿರ ಬರಲಿಲ್ಲ, ಮರಿಗಳ ಕಿವಿ ಜಗ್ಗುವುದನ್ನು ಮಾತ್ರ ಬಿಡಲಿಲ್ಲ. ಕಾಕಾನ ಉಪಾಯವೇ ಕೆಲಸಕ್ಕೆ ಬಂತು. ಮರಿಗಳಿಂದ ಬೇರೆ ಮಾಡಿ, ತಲೆಯಿಂದ ಗುದ್ದಬಲ್ಲ ಎರಡು ಟಗರುಗಳ ನಡುವೆ ಬಿಟ್ಟೆವು. ಹೊಲಕ್ಕೆ ಹೋಗುವಾಗ ಓಡಿದರೆ ಮೊಣಕಾಲಿಗೆ ಬಡಿಯುವಂತೆ ಕೊರಳಿಗೆ ಮರದ ತುಂಡೊಂದನ್ನು ಇಳಿಬಿಟ್ಟೆವು. ಹದಿನೆಂಟು ತಿಂಗಳು ದಾಟಿದ ಮೇಲೆ ಒಂದು ದಿನ, ಆಗ ತಾನೇ ಈದ ಕುರಿಯ ಬಳಿ ಅವನು ನೆಲಕ್ಕೆ ಹೊಟ್ಟೆ ಹಚ್ಚಿ, ಮುಖ ಆಚೆ ತಿರುಗಿಸಿ ಮಲಗಿದ್ದ. ಆ ಸಂಜೆಯೇ ಮರದ ತುಂಡು ಬಿಚ್ಚಿದೆ.

ಬೇಸಿಗೆಯದು ಬೇರೆಯದೇ ಕಥೆ, ಮತ್ತು ಅದರಲ್ಲಿ ತಪ್ಪು ಪೂರ್ತಿ ನನ್ನದು. ಏಪ್ರಿಲ್‌ನಲ್ಲಿ ನಮ್ಮಲ್ಲಿ ಬಿಸಿಲು 38, 39 ಡಿಗ್ರಿ ಮುಟ್ಟುತ್ತದೆ. 2023ರಲ್ಲಿ ಕುರಿಗಳ ಉಣ್ಣೆ ಕತ್ತರಿಸುವವರು ಬಂದಾಗ, ಪಾಪ ಇವನಿಗೂ ತಂಪಾಗಲಿ ಎಂದು ಹಿಡಿದು ಕೊಟ್ಟೆ. ಅರ್ಧ ಗಂಟೆಯಲ್ಲಿ ಬಡಕಲು ಕರುವಿನಂತೆ ಎದ್ದು ನಿಂತ. ವಾರದೊಳಗೆ ಬೆನ್ನು ಬಿಸಿಲಿಗೆ ಸುಟ್ಟು ಕೆಂಪಾಯಿತು, ಉಣ್ಣೆಗಳು ಕಚ್ಚಿದವು. ಇಲ್ಲಿ ನಾನು ಹೇಳುತ್ತಿರುವುದು ರಕ್ತ ಹೀರುವ ಉಣ್ಣೆ. ಆ ವಾರ ಎರಡೂ ಉಣ್ಣೆಗಳು ನನ್ನ ತಲೆ ತಿಂದವು. ಇಂಥ ನಾಯಿಗೆ ಎರಡು ಪದರದ ಕೂದಲು. ಒಳಗಿನದು ಹತ್ತಿಯಂಥದ್ದು, ಹೊರಗಿನದು ಒರಟು. ಬೇಸಿಗೆಗೆ ಒಳಗಿನದನ್ನು ಬಾಚಿ ತೆಗೆಯಬೇಕು, ಹೊರಗಿನದು ಬಿಸಿಲಿಗೆ ಹಿಡಿದ ಛತ್ರಿ. ನಾನು ಛತ್ರಿಯನ್ನೇ ಕತ್ತರಿಸಿಬಿಟ್ಟಿದ್ದೆ. ಕೂದಲು ಮತ್ತೆ ಬಂದದ್ದು ತೇಪೆ ತೇಪೆಯಾಗಿ, ಪೂರ್ತಿಯಾಗಲು ವರ್ಷ ಹಿಡಿಯಿತು.

ಅದೇ ಮೇ ತಿಂಗಳಲ್ಲಿ ಒಂದು ಮಧ್ಯಾಹ್ನ ಅವನು ತೇಕುತ್ತಾ, ಜೊಲ್ಲು ಸುರಿಸುತ್ತಾ, ಕಾಲು ತಡವರಿಸಿ ಬಿದ್ದ. ಬೇವಿನ ನೆರಳಿಗೆ ಎಳೆದು, ಹೊಟ್ಟೆಗೆ, ತೊಡೆಸಂದಿಗೆ, ಪಾದಗಳಿಗೆ ಕೊಡದ ನೀರು ಸುರಿಯುತ್ತಾ, ಮೊರದಿಂದ ಗಾಳಿ ಹಾಕುತ್ತಾ ಟಂಟಂನಲ್ಲಿ ವೈದ್ಯರ ಬಳಿ ಒಯ್ದೆ. ಬದುಕಿದ. ಅಂದಿನಿಂದ ಮಾರ್ಚ್‌ನಿಂದ ಮಳೆ ಬೀಳುವವರೆಗೆ ನಸುಕಿನಲ್ಲಿ ಹೊರಟು ಹತ್ತಕ್ಕೆ ಮರಳುತ್ತೇವೆ, ಮತ್ತೆ ನಾಲ್ಕೂವರೆಗೆ ಹೊರಡುತ್ತೇವೆ. ಬೇವಿನ ಬುಡದಲ್ಲಿ ಅವನೇ ತೋಡಿಕೊಂಡ ಕುಣಿಗೆ ದಿನಕ್ಕೆರಡು ಕೊಡ ನೀರು. ನಿಜ ಹೇಳಬೇಕೆಂದರೆ, ನಮ್ಮ ಬಯಲುಸೀಮೆಗೆ ಬೆಟ್ಟದ ಈ ನಾಯಿಯನ್ನು ತರಲು ಇನ್ನೊಬ್ಬರಿಗೆ ನಾನು ಹೇಳುವುದಿಲ್ಲ. ನಮ್ಮ ಕುರಿಗಾಹಿಗಳ ಬಳಿ ಇರುವ ನಾಡನಾಯಿಯ ಮರಿಯನ್ನೇ ದೊಡ್ಡಿಯಲ್ಲಿ ಬೆಳೆಸಿದರೆ ಬಹುಪಾಲು ಕೆಲಸ ಆಗುತ್ತದೆ. ಇಷ್ಟು ಹೇಳಿ ಡೊಳ್ಳನನ್ನು ಬಿಟ್ಟುಕೊಡುತ್ತೀಯಾ ಎಂದರೆ, ಇಲ್ಲ.

ತೋಳಗಳ ಜೊತೆ ಅವನು ಕಾದಾಡಿದ್ದನ್ನು ನಾನು ನೋಡಿಯೇ ಇಲ್ಲ. ರಾತ್ರಿ ಎರಡರ ಸುಮಾರಿಗೆ ಎದ್ದು ದೊಡ್ಡಿಯ ಸುತ್ತ ಉಚ್ಚೆ ಹೊಯ್ದು ಬರುತ್ತಾನೆ. ಬೊಗಳುವ ದನಿ ಬದಲಾದರೆ ಬ್ಯಾಟರಿ ಹಿಡಿದು ಎದ್ದು ಹೋಗುತ್ತೇನೆ. ಹಳ್ಳದ ಆಚೆ ಎರಡು ಜೋಡಿ ಹಸಿರು ಕಣ್ಣು, ಈಚೆ ಬಾಲ ಎತ್ತಿ ನಿಂತ ಡೊಳ್ಳ. ಸ್ವಲ್ಪ ಹೊತ್ತಿಗೆ ಕಣ್ಣುಗಳು ಗುಡ್ಡದ ಕಡೆ ತಿರುಗುತ್ತವೆ. ಅವನು ಬೆನ್ನಟ್ಟುವುದಿಲ್ಲ. 2023ರ ಮಳೆಗಾಲದ ನಂತರ ನಾನು ಮರಿ ಕಳೆದುಕೊಂಡಿಲ್ಲ. ತೋಳಕ್ಕೂ ಹುಚ್ಚುರೋಗ ಬರುವುದರಿಂದ ಅವನ ರೇಬೀಸ್ ಲಸಿಕೆಯನ್ನು ಒಂದು ವರ್ಷವೂ ತಪ್ಪಿಸಿಲ್ಲ.

ಮನುಷ್ಯರ ವಿಷಯದಲ್ಲಿ ಅವನು ಇಷ್ಟು ಸರಳವಲ್ಲ. ಕರೆದರೆ ಬರುವುದು ಅವನಿಗೆ ಮನಸ್ಸಿದ್ದರೆ ಮಾತ್ರ. ಗೊಬ್ಬರಕ್ಕೆಂದು ಹೊಲದಲ್ಲಿ ಕುರಿ ತರುಬಿಸಿಕೊಂಡ ರೈತರೊಬ್ಬರು ರಾತ್ರಿ ನೋಡಲು ಬಂದು, ಅವನು ಅಡ್ಡ ನಿಂತದ್ದರಿಂದ ಬೆಳಗಿನವರೆಗೆ ಬದುವಿನ ಮೇಲೆ ಕುಳಿತಿದ್ದರು. ಕಚ್ಚಲಿಲ್ಲ, ಕದಲಗೊಡಲೂ ಇಲ್ಲ. ಅಂದಿನಿಂದ ಮುಂಚೆಯೇ ನನ್ನ ಮೊಬೈಲ್ ನಂಬರ್ ಕೊಟ್ಟು, ಫೋನ್ ಮಾಡದೆ ಬರಬೇಡಿ ಎನ್ನುತ್ತೇನೆ. 2024ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ 23 ತಳಿಯ ನಾಯಿಗಳನ್ನು ನಿಷೇಧಿಸುವಂತೆ ಸುತ್ತೋಲೆ ಹೊರಡಿಸಿದಾಗ ಊರಿನ ಹುಡುಗರು ಬಂದು ನಿನ್ನ ನಾಯಿ ಬಂದ್ ಎಂದರು. ಆ ಪಟ್ಟಿಯಲ್ಲಿ ಕಂಗಲ್, ಕಕೇಸಿಯನ್ ಮುಂತಾದ ಕಾವಲು ನಾಯಿಗಳಿದ್ದವು, ಗದ್ದಿ ಇರಲಿಲ್ಲ. ಏಪ್ರಿಲ್‌ನಲ್ಲಿ ಕರ್ನಾಟಕ ಹೈಕೋರ್ಟ್ ಸುತ್ತೋಲೆಯನ್ನೇ ರದ್ದುಪಡಿಸಿತು. ಆ ರೈತರನ್ನು ಕೇಳಿದ್ದರೆ ಪಟ್ಟಿಗೆ ಇನ್ನೊಂದು ಹೆಸರು ಸೇರುತ್ತಿತ್ತು.

ಈ ಸಲವೂ ಉಣ್ಣೆ ಕತ್ತರಿಸುವವರು ಬಂದಿದ್ದರು. ಕತ್ತರಿಯ ಸದ್ದು ಕೇಳಿದೊಡನೆ ಡೊಳ್ಳ ಎದ್ದು, ಹಿಂಡನ್ನು ಒಮ್ಮೆ ನೋಡಿ, ಹಳ್ಳ ದಾಟಿ ಆಚೆ ದಂಡೆಯಲ್ಲಿ ಕುಳಿತ. ಕೊನೆಯ ಕುರಿ ಮುಗಿದು ಅವರು ಚಹಾ ಕುಡಿದು ಮೋಟರ್‌ಸೈಕಲ್ ಹತ್ತುವವರೆಗೆ ಅಲ್ಲಿಂದಲೇ ಎಣಿಸುತ್ತಿದ್ದವನಂತೆ ನೋಡುತ್ತಿದ್ದ.