ಫರ್ನೇಸ್ ಆನ್ ಮಾಡಿದ ಮೇಲೆ ಒಂದೆರಡು ನಿಮಿಷ ಜ್ವಾಲೆ ನೋಡಿ

ಚಳಿಗಾಲಕ್ಕೆ ಮೊದಲ ಸಲ ಗ್ಯಾಸ್ ಫರ್ನೇಸ್ (ಗ್ಯಾಸ್ ಉರಿಸಿ ಮನೆಗೆ ಬಿಸಿ ಗಾಳಿ ಕಳಿಸುವ ಯಂತ್ರ) ಹಚ್ಚುವಾಗ ಥರ್ಮೋಸ್ಟಾಟ್ (ಮನೆ ಎಷ್ಟು ಬೆಚ್ಚಗಿರಬೇಕು ಅಂತ ಹೊಂದಿಸುವ ಸಾಧನ) ಏರಿಸಿ ಸುಮ್ನೆ ಹೋಗಿಬಿಡಬೇಡಿ. ಬರ್ನರ್ ಕಾಣುವ ಸಣ್ಣ ಕಿಂಡಿಯ ಮುಂದೆ ನಿಂತು, ಬ್ಲೋವರ್ (ಬಿಸಿ ಗಾಳಿಯನ್ನು ಮನೆಯೊಳಗೆ ತಳ್ಳುವ ಫ್ಯಾನ್) ಶುರುವಾಗುವ ಕ್ಷಣದಲ್ಲಿ ಜ್ವಾಲೆ ಏನು ಮಾಡುತ್ತದೆ ನೋಡಿ. ಸಾಮಾನ್ಯವಾಗಿ ಬರ್ನರ್ ಹೊತ್ತಿ ಅರ್ಧ ನಿಮಿಷವೋ ಒಂದು ನಿಮಿಷವೋ ಆದ ಮೇಲೆ ಬ್ಲೋವರ್ ತಿರುಗುತ್ತದೆ. ಆಗಲೂ ಜ್ವಾಲೆ ನೀಲಿಯಾಗಿ, ಅಲುಗಾಡದೆ ಉರಿಯಬೇಕು. ಮನೆಯೊಳಗೆ ಬರುವ ಗಾಳಿಗೂ ಬೆಂಕಿಗೂ ನಡುವೆ ಹೀಟ್ ಎಕ್ಸ್‌ಚೇಂಜರ್‌ನ ಲೋಹದ ಗೋಡೆ ಇರುತ್ತದೆ. ಅದು ಬಿರುಕು ಬಿಟ್ಟಿದ್ದರೆ ಬ್ಲೋವರ್ ಗಾಳಿ ಒಳಗೆ ನುಗ್ಗಿ ಜ್ವಾಲೆಯನ್ನು ಓಲಾಡಿಸುತ್ತದೆ, ಕೆಲವೊಮ್ಮೆ ಹೊರಗೂ ತಳ್ಳುತ್ತದೆ. ಹಾಗೆ ಕಂಡರೆ ತಕ್ಷಣ ಆಫ್ ಮಾಡಿ ಮೆಕ್ಯಾನಿಕ್‌ನ ಕರೆಸಿ. ಮೊದಲಿಗೆ ಧೂಳು ಸುಟ್ಟು ಒಂದಿಷ್ಟು ಕಿತ್ತಳೆ ಕಿಡಿ ಕಂಡರೆ, ಸ್ವಲ್ಪ ಸುಟ್ಟ ವಾಸನೆ ಬಂದರೆ ಗಾಬರಿ ಬೇಡ, ಬೇಗ ಹೋಗುತ್ತದೆ. ಜ್ವಾಲೆ ಹಳದಿಯಾಗಿ, ಉದ್ದಕ್ಕೆ, ಮಂದವಾಗಿ ಉರಿಯುತ್ತಲೇ ಇದ್ದರೆ ಮಾತ್ರ ಅದು ಬೇರೆ ವಿಷಯ, ಗ್ಯಾಸ್ ಪೂರ್ತಿ ಉರಿಯುತ್ತಿಲ್ಲ. ಈ ಪರೀಕ್ಷೆಗೆ ಮಿತಿಯಿದೆ: ಕೂದಲೆಳೆಯಷ್ಟು ಬಿರುಕು ಜ್ವಾಲೆಯಲ್ಲಿ ಗೊತ್ತಾಗದೇ ಇರಬಹುದು, ಕೆಲವು ಫರ್ನೇಸ್‌ಗಳಲ್ಲಿ ಬರ್ನರ್ ಕಾಣುವುದೇ ಇಲ್ಲ. ಅಂಥ ಕಡೆ ನೋಡೋಕೆ ಅಂತ ಮುಚ್ಚಳ ಬಿಚ್ಚಬೇಡಿ. ಜ್ವಾಲೆ ಸರಿಯಾಗಿದೆ ಅಂತ ಕಾರ್ಬನ್ ಮೊನಾಕ್ಸೈಡ್ ಅಲಾರಂ ಬೇಡ ಅಂದುಕೊಳ್ಳಲೂ ಬೇಡಿ, ಆ ವಿಷಾನಿಲಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಇನ್ನು ಹಚ್ಚುವ ಮೊದಲೇ ಗ್ಯಾಸ್ ವಾಸನೆ ಬಂದರೆ ಇದ್ಯಾವುದೂ ಬೇಡ. ಲೈಟಿನ ಸ್ವಿಚ್ ಕೂಡ ಮುಟ್ಟದೆ ಎಲ್ಲರನ್ನೂ ಹೊರಗೆ ಕರ್ಕೊಂಡು ಹೋಗಿ, ದೂರ ನಿಂತು ಗ್ಯಾಸ್ ಕಂಪನಿಗೆ ಫೋನ್ ಮಾಡಿ.